ಸೌರದೀಪದ ಗ್ರಾಮವೂ ಸವಕಳಿಯ ಲೆಕ್ಕವೂ

ಮಹಾನಗರದ ಮನೆಯಲ್ಲಿ ಇನ್ವರ್ಟರ್ ಇರಿಸಿಕೊಂಡಿರುವ ಗೃಹಸ್ಥರಿಗೆ ಬ್ಯಾಟರಿಯ ಆಯುಸ್ಸು ಅಲ್ಪವೆಂಬುದು ಅನುಭವದಿಂದ ತಿಳಿದ ಸಂಗತಿ. ಇಡೀ ಗ್ರಾಮವೇ ಬ್ಯಾಟರಿಯನ್ನು ನಂಬಿ ದೀಪ ಬೆಳಗಿಸಿಕೊಂಡರೆ ಏನಾಗಬಹುದೆಂಬುದಕ್ಕೆ ಬಿಹಾರದ ಜೆಹಾನಾಬಾದ್ ಜಿಲ್ಲೆಯ ಧರ್ನೈ ಗ್ರಾಮವೇ ನಿದರ್ಶನ.

ಸುಮಾರು ಮೂರು ದಶಕಗಳ ಕಾಲ ವಿದ್ಯುತ್ತಿನಿಂದ ವಂಚಿತವಾಗಿದ್ದ ಈ ಊರಿನಲ್ಲಿ 2014ರಲ್ಲಿ ಗ್ರೀನ್‌ಪೀಸ್ ಸಂಸ್ಥೆಯು ಇತರರ ಸಹಕಾರದೊಡನೆ 100 ಕಿಲೋವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಜಾಲವನ್ನು ಸ್ಥಾಪಿಸಿತು. ಸುಮಾರು 450 ಮನೆಗಳಿಗೂ 50 ಅಂಗಡಿಗಳಿಗೂ ಶಾಲೆ, ಆರೋಗ್ಯ ಕೇಂದ್ರಗಳಿಗೂ ಬೆಳಕು ಬಂದಿತು. ಸೀಮೆಎಣ್ಣೆಯ ಬುಡ್ಡಿಯ ಹೊಗೆ ಕಣ್ಣಿಗೂ ಶ್ವಾಸಕೋಶಕ್ಕೂ ಎಷ್ಟು ಹಾನಿಕರವೆಂಬುದನ್ನು ಬಲ್ಲವರಿಗೆ ಇದು ಸಾಮಾನ್ಯ ಲಾಭವೆನಿಸದು.

ಇಂತಹ ಜಾಲದಲ್ಲಿ ಫಲಕಗಳು ಹಗಲಿನಲ್ಲಿ ಉತ್ಪಾದಿಸಿದ ವಿದ್ಯುತ್ತು ಬ್ಯಾಟರಿಗಳಲ್ಲಿ ಶೇಖರವಾಗಿ, ಇರುಳಿನಲ್ಲಿ ಇನ್ವರ್ಟರಿನ ಮೂಲಕ ಮನೆಮನೆಗೆ ಹರಿಯುತ್ತದೆ. ಫಲಕವು ಸುಮಾರು 25 ವರ್ಷ ಬಾಳುತ್ತದೆ. ಸೀಸ-ಆಮ್ಲದ ಬ್ಯಾಟರಿ ಬಾಳುವುದು ಕೆಲವೇ ವರ್ಷ. ಅದನ್ನು ಪದೇ ಪದೇ ಪೂರ್ತಿಯಾಗಿ ಬರಿದು ಮಾಡಿದರೆ ಅದರ ಸೀಸದ ತಗಡುಗಳ ಮೇಲೆ ಗಟ್ಟಿಯಾದ ಲವಣ ಕಟ್ಟಿಕೊಂಡು, ಆಯುಸ್ಸು ಇನ್ನೂ ಕುಗ್ಗುತ್ತದೆ. ಬಟ್ಟಿ ಇಳಿಸಿದ ನೀರನ್ನು ಕಾಲಕಾಲಕ್ಕೆ ತುಂಬದಿದ್ದರೂ ಅಷ್ಟೆ.

ಉದಾಹರಣೆಗಾಗಿ, 450 ಮನೆಗಳ ಒಂದು ಊರಿನ ಬ್ಯಾಟರಿಗಳ ಬೆಲೆ 20 ಲಕ್ಷ ರೂಪಾಯಿ ಎಂದು ಭಾವಿಸೋಣ. ಅವು ಐದು ವರ್ಷ ಬಾಳಿದರೆ, ಹೊಸವನ್ನು ಕೊಳ್ಳಲು ಮನೆಯೊಂದು ತಿಂಗಳಿಗೆ 74 ರೂಪಾಯಿಯಂತೆ ಸವಕಳಿ ನಿಧಿಗೆ ಕಟ್ಟಬೇಕು. ಮೂರೇ ವರ್ಷ ಬಾಳಿದರೆ ಅದು 123 ರೂಪಾಯಿಗೆ ಏರುತ್ತದೆ. ಬಡ್ಡಿ, ಬೆಲೆಯೇರಿಕೆಗಳನ್ನು ಇಲ್ಲಿ ಗಣಿಸಿಲ್ಲ. ಯಂತ್ರವನ್ನು ದಾನವಾಗಿ ಪಡೆದ ಊರಿಗೂ ಈ ಖರ್ಚು ತಪ್ಪಿದ್ದಲ್ಲ. ಉದ್ಘಾಟನೆಗೆ ಹಣ ಒದಗಿಸುವವರು ದೊರೆಯುತ್ತಾರೆ. ಐದನೆಯ ವರ್ಷದ ಬ್ಯಾಟರಿಗೆ ದೊರೆಯುವುದು ಅಪರೂಪ.

ಧರ್ನೈಯಲ್ಲಿ ಮತ್ತೊಂದು ತೊಡಕೂ ಇತ್ತು. ಜಾಲದ ಶಕ್ತಿ ಪರಿಮಿತವಾದುದರಿಂದ ಹೆಚ್ಚು ವಿದ್ಯುತ್ತನ್ನು ಹೀರುವ ಉಪಕರಣಗಳನ್ನು ಬಳಸುವಂತಿರಲಿಲ್ಲ. ಗ್ರಾಮಸ್ಥರು 'ಅಸಲಿ' ವಿದ್ಯುತ್ತು ಬೇಕೆಂದು ಕೇಳಿದರು. ಇದನ್ನು ಕೃತಘ್ನತೆ ಎನ್ನುವಂತಿಲ್ಲ, ನಗರವಾಸಿಯೂ ಅದನ್ನೇ ಕೇಳುತ್ತಿದ್ದ. ಸ್ವಲ್ಪ ಕಾಲದಲ್ಲಿಯೇ ಸರಕಾರಿ ವಿದ್ಯುತ್ ಮಾರ್ಗವು ಊರನ್ನು ತಲುಪಿತು. ಅದರ ದರವೂ ಅಗ್ಗವಾಗಿತ್ತು. ಸೌರಜಾಲದ ಗ್ರಾಹಕರು ಕಡಿಮೆಯಾದರು. ಮೂರು ವರ್ಷಗಳಲ್ಲಿ ಬ್ಯಾಟರಿಗಳು ಸೊರಗಿದವು, ಅವನ್ನು ಬದಲಾಯಿಸುವವರಿರಲಿಲ್ಲ. 2021ರ ವೇಳೆಗೆ ಆ ಸ್ಥಾವರದ ಆವರಣದಲ್ಲಿ ದನಗಳನ್ನು ಕಟ್ಟುತ್ತಿದ್ದರು. ಫಲಕಗಳ ಆಯುಸ್ಸು ಲೆಕ್ಕದ ಪ್ರಕಾರ ಇನ್ನೂ ಹದಿನೆಂಟು ವರ್ಷ ಉಳಿದಿತ್ತು.