ಎರಡು ನೀರಿನ ಮೀನು



ಬಂಗಾಳಿ ಸ್ನೇಹಿತರುಳ್ಳವರಿಗೆ ಇಲಿಶ್ ಎಂಬ ಹೆಸರು ಹೊಸದಲ್ಲ. ಮಾವಿನ ಕಾಲ ಬಂದೊಡನೆ ನಾವು ರಸಪೂರಿಯನ್ನು ನೆನೆಯುವಂತೆ, ಮಳೆಗಾಲ ಬಂದೊಡನೆ ಅವರು ಈ ಮೀನನ್ನು ನೆನೆಯುವರು. ಇಂಗ್ಲಿಷಿನಲ್ಲಿ ಹಿಲ್ಸಾ ಎನ್ನಿಸಿಕೊಳ್ಳುವ ಇದನ್ನು ಸಿಂಧಿಗಳು ಪಲ್ಲ ಎಂದೂ, ಗೋದಾವರೀ ತೀರದ ಆಂಧ್ರರು ಪುಲಸ ಎಂದೂ ಕರೆಯುತ್ತಾರೆ. ತಾಳಿಯನ್ನು ಮಾರಿಯಾದರೂ ಪುಲಸವನ್ನು ತಿನ್ನಬೇಕೆಂದು ಅಲ್ಲಿ ಗಾದೆಯೇ ಉಂಟು. ಮೀನನ್ನು ಮುಟ್ಟದವರೂ ಇದರ ವೃತ್ತಾಂತವನ್ನು ಕೇಳಬಹುದು; ಅದು ನಮ್ಮ ಮಹಾನದಿಗಳ ವೃತ್ತಾಂತವೂ ಆಗಿದೆ.

1800ರಲ್ಲಿ ಮೈಸೂರು ಸೀಮೆಗೆ ಬಂದು, ಇಲ್ಲಿಯ ಬೆಳೆ, ಕಸುಬು, ಜನಜೀವನಗಳನ್ನು ಬರೆದಿಟ್ಟ ಡಾಕ್ಟರ್ ಬುಕಾನನ್ನನನ್ನು ತಾವು ಬಲ್ಲಿರಿ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದ ಅದೇ ವಿದ್ವಾಂಸನು, 1822ರಲ್ಲಿ ಪ್ರಕಟವಾದ ಗಂಗೆಯ ಮೀನುಗಳ ಗ್ರಂಥದಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಬಂಗಾಳಿಗಳ ಮಾತೇ 'ಇಲಿಶಾ' ಎಂದು ಶಾಸ್ತ್ರನಾಮದಲ್ಲಿ ಸೇರಿಕೊಂಡಿತು.

ನಮ್ಮ ಕರಾವಳಿಯ ಬೂತಾಯಿಯ ಬಳಗಕ್ಕೆ ಸೇರಿದ ಈ ಬೆಳ್ಳಿಬಣ್ಣದ ಮೀನು ಬೆಳೆಯುವುದು ಸಮುದ್ರದಲ್ಲಿ, ಮೊಟ್ಟೆಯಿಡುವುದು ನದಿಯಲ್ಲಿ. ಮಳೆಗಾಲದ ಪ್ರವಾಹವು ಕಡಲನ್ನು ಸೇರುವಾಗ, ಮೈತುಂಬ ಕೊಬ್ಬನ್ನು ಕೂಡಿಸಿಕೊಂಡ ಮೀನುಗಳು ಹಿಂಡುಹಿಂಡಾಗಿ ಅಳಿವೆಯ ಸವುಳು ನೀರನ್ನು ದಾಟಿ, ಹೊಳೆಗೆ ಎದುರಾಗಿ ಏರುತ್ತವೆ. ಅದರ ರುಚಿಗೆ ಈ ಕೊಬ್ಬೇ ಮುಖ್ಯ ಕಾರಣ. ಮರಿಗಳು ಕೆಲವು ತಿಂಗಳು ಹೊಳೆಯಲ್ಲಿ ಬೆಳೆದು ಕಡಲಿಗೆ ಇಳಿಯುತ್ತವೆ. ಹೀಗೆ ಏರುವ ದಾರಿಯೂ ಇಳಿಯುವ ದಾರಿಯೂ ತೆರೆದಿದ್ದರೆ ಮಾತ್ರ ಇದರ ಸಂತತಿಯು ಉಳಿಯಬಲ್ಲುದು.

ಆ ದಾರಿಗೆ ನಾವು ಗೋಡೆಗಳನ್ನು ಕಟ್ಟಿದೆವು. ಕ್ಷಾಮದಿಂದ ಬೆಂದ ಗೋದಾವರಿಯ ಮುಖಜಭೂಮಿಗೆ ನೀರುಣಿಸಲು ಸರ್ ಆರ್ಥರ್ ಕಾಟನ್ ಧವಳೇಶ್ವರದಲ್ಲಿ ಆಣೆಕಟ್ಟನ್ನು ಕಟ್ಟಿಸಿದನು. ಅದು 1852ರಲ್ಲಿ ಮುಗಿಯಿತು. ಇಂದಿಗೂ ಆತನನ್ನು ಅಲ್ಲಿಯ ರೈತರು ಪೂಜ್ಯಭಾವದಿಂದ ಸ್ಮರಿಸುತ್ತಾರೆ. ಆದರೆ ಪುಲಸದ ಪ್ರಯಾಣವು ಆ ಕಟ್ಟೆಯ ಬುಡದಲ್ಲಿಯೇ ನಿಂತಿತು. 1955ರಲ್ಲಿ ಸಿಂಧೂನದಿಗೆ ಕೋಟ್ರಿಯಲ್ಲಿ ಕಟ್ಟೆ ಬಿದ್ದಿತು. ಗಂಗೆಯಲ್ಲಿ ಪ್ರಯಾಗದವರೆಗೂ ಏರುತ್ತಿದ್ದ ಮೀನು, ಕಲ್ಕತ್ತೆಯ ಬಂದರನ್ನು ಹೂಳಿನಿಂದ ಕಾಪಾಡಲೆಂದು 1975ರಲ್ಲಿ ಫರಕ್ಕಾದ ಕಟ್ಟೆಯು ಕೆಲಸಕ್ಕೆ ತೊಡಗಿದ ಬಳಿಕ, ಅದರ ಮೇಲ್ಗಡೆಯಲ್ಲಿ ಅಪರೂಪವಾಯಿತು.

ಕನ್ನಂಬಾಡಿಯ ನೀರನ್ನುಂಡ ನಾವು ಆಣೆಕಟ್ಟುಗಳನ್ನು ದೂರುವುದು ಸಲ್ಲದು. ಆದರೆ ಒಬ್ಬರ ಅನ್ನಕ್ಕೆ ಕಟ್ಟಿದ ಗೋಡೆ ಇನ್ನೊಬ್ಬರ ಅನ್ನವನ್ನು ತಡೆಯಿತೆಂಬುದನ್ನು ಮರೆಯುವುದೂ ಸಲ್ಲದು. ಮೇಲ್ಗಂಗೆಯ ಬೆಸ್ತರು ಈ ನಷ್ಟವನ್ನು ಬಹುಮಟ್ಟಿಗೆ ಸದ್ದಿಲ್ಲದೆ ಅನುಭವಿಸಿದರು.

ಇಲಿಶನ್ನು ರಾಷ್ಟ್ರೀಯ ಮೀನೆಂದು ಮನ್ನಿಸುವ ಬಾಂಗ್ಲಾದೇಶವು ಬೇರೊಂದು ಉಪಾಯವನ್ನು ಹಿಡಿಯಿತು. ಮೊಟ್ಟೆಯಿಡುವ ಕಾಲದಲ್ಲಿ, ಸಾಮಾನ್ಯವಾಗಿ ಅಕ್ಟೋಬರಿನಲ್ಲಿ 22 ದಿನ, ಬಲೆ ಬೀಸಕೂಡದು. 25 ಸೆಂಟಿಮೀಟರಿಗಿಂತ ಚಿಕ್ಕ ಮರಿಗಳನ್ನು ನಿಷೇಧದ ತಿಂಗಳುಗಳಲ್ಲಿ ಹಿಡಿಯಕೂಡದು. ಬಲೆಯನ್ನು ಮಡಿಸಿಟ್ಟ ಬೆಸ್ತನ ಒಲೆ ಉರಿಯಬೇಕಷ್ಟೆ. ಅದಕ್ಕಾಗಿ ಸರ್ಕಾರವು ಅಕ್ಕಿಯನ್ನು ಹಂಚುತ್ತದೆ. ಆ ಅಕ್ಕಿಯಿಂದ ಸಂಸಾರದ ಎಲ್ಲ ವೆಚ್ಚವೂ ತೀರದೆಂಬುದು ನಿಜ. ಆದರೂ 2002-03ರಲ್ಲಿ ಸುಮಾರು 2 ಲಕ್ಷ ಟನ್ನಿದ್ದ ಅಲ್ಲಿಯ ಇಲಿಶ್ ಫಸಲು 2017-18ರ ವೇಳೆಗೆ 5 ಲಕ್ಷ ಟನ್ನನ್ನು ಮೀರಿತು. ನಿಷೇಧವೊಂದೇ ಇದಕ್ಕೆ ಕಾರಣವೆನ್ನಲಾಗದಿದ್ದರೂ, ಬೆಸ್ತರ ಸಂಯಮಕ್ಕೆ ಅದರಲ್ಲಿ ಪಾಲುಂಟು.

ಸಮುದ್ರವನ್ನು ಸೇರಿದ ಹೊಳೆಯ ನೀರು ವ್ಯರ್ಥವಾಯಿತೆಂದು ನಮ್ಮಲ್ಲಿ ಹೇಳುವ ವಾಡಿಕೆಯುಂಟು. ಕಾಲೇಜಿನ ತರಗತಿಗಳಲ್ಲಿ ನಾನೂ ಹಾಗೆಯೇ ಹೇಳಿದ್ದುಂಟು. ಕಡಲಿನಲ್ಲಿರುವ ಇಲಿಶನ್ನು ಹೊಳೆಗೆ ಕರೆಯುವುದು ಆ ನೀರೇ ಎಂದು ತಿಳಿದ ಮೇಲೆ, ಆ ಮಾತನ್ನು ಬಿಟ್ಟಿದ್ದೇನೆ.