ಯಯಾತಿಯ ಮುಪ್ಪು

ಮನುಷ್ಯನ ಮನಸ್ಸು ಮಾಗುವ ಬಗೆಯನ್ನು ನಮ್ಮ ಪುರಾಣಗಳು ಸಂಕೇತಗಳ ಮೂಲಕ ತಿಳಿಸುತ್ತವೆ. ಮಹಾಭಾರತದಲ್ಲಿ ಬರುವ ಯಯಾತಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

ಶರ್ಮಿಷ್ಠೆಯನ್ನು ಗುಟ್ಟಾಗಿ ಕೂಡಿ, ಪತ್ನಿ ದೇವಯಾನಿಗೆ ದ್ರೋಹ ಬಗೆದ ಯಯಾತಿಗೆ ಮಾವನಾದ ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪು ಬಂದಿತು. ಒಪ್ಪಿದವರಿಗೆ ಅದನ್ನು ದಾಟಿಸಬಹುದೆಂಬ ವಿನಾಯಿತಿಯೂ ದೊರೆಯಿತು. ನಾಲ್ವರು ಮಕ್ಕಳು ನಿರಾಕರಿಸಿದರು. ಕಿರಿಯನಾದ ಪೂರು ಒಪ್ಪಿದನು. ಸಾವಿರ ವರ್ಷ ಸುಖಪಟ್ಟರೂ ಅರಸನ ಆಸೆ ತೀರಲಿಲ್ಲ. ಭೋಗದಿಂದ ಬಯಕೆ ಬೆಳೆಯುವುದೇ ಹೊರತು ತಣಿಯದೆಂದು ಅರಿತು, ಅವನು ಮಗನ ಯೌವನವನ್ನು ಹಿಂದಿರುಗಿಸಿದನು.

ಇಲ್ಲಿ ಮುಪ್ಪೆಂಬುದು ತನ್ನ ನಡತೆಗೆ ತಾನೇ ತೆರಬೇಕಾದ ಬೆಲೆಯ ಸಂಕೇತ. ಯಯಾತಿ ವಯಸ್ಸಿನಲ್ಲಿ ತಂದೆಯಾದರೂ ಮನಸ್ಸಿನಲ್ಲಿ ಇನ್ನೂ ಬಾಲಕ. 1961ರಲ್ಲಿ ಪ್ರಕಟವಾದ ‘ಯಯಾತಿ’ ನಾಟಕದಲ್ಲಿ ಗಿರೀಶ ಕಾರ್ನಾಡರು ಈ ಅರ್ಥವನ್ನು ಇನ್ನಷ್ಟು ಆಳವಾಗಿ ಶೋಧಿಸಿದರು. ಅಲ್ಲಿ ಪೂರುವಿಗೆ ಚಿತ್ರಲೇಖೆ ಎಂಬ ನವವಧು ಇದ್ದಾಳೆ. ಅರಸನು ಮಗನಿಗೆ ಹೊರಿಸಿದ ಭಾರ ಏನೂ ತಪ್ಪು ಮಾಡದ ಅವಳನ್ನು ಬಲಿ ತೆಗೆದುಕೊಳ್ಳುತ್ತದೆ. ಆಗ ಯಯಾತಿಯ ಕಣ್ಣು ತೆರೆಯುತ್ತದೆ. ತನ್ನ ಮುಪ್ಪನ್ನು ತಾನೇ ಹೊರುತ್ತಾನೆ.

ನಾವು ಜಾರಿಸಿದ ಹೊರೆ ಇನ್ನೊಬ್ಬರ ಹೆಗಲನ್ನು ಏರುತ್ತದೆ. ಈ ಅರಿವು ಮೂಡಿದ ದಿನವೇ ಮನುಷ್ಯ ನಿಜವಾಗಿ ದೊಡ್ಡವನಾಗುತ್ತಾನೆ.