ಮನೆಯ ರೂಟರೂ ಕಡತಗಳ ಉಗ್ರಾಣವೂ: ಒಂದೇ ಯಂತ್ರದ ಕುರಿತ ಕೆಲವು ಭ್ರಮೆಗಳು

ಅಗ್ಗದ ಬೆಲೆಗೆ ಒಂದು ಪುಟ್ಟ ಯಂತ್ರವನ್ನು ಕೊಂಡು, ಅದನ್ನೇ ಮನೆಯ ಇಂಟರ್ನೆಟ್ಟಿಗೆ ರೂಟರನ್ನಾಗಿಯೂ, ಮನೆಮಂದಿಯ ಫೋಟೊ, ಕಾಗದಪತ್ರ, ಸಂಗೀತಗಳಿಗೆ ಉಗ್ರಾಣವನ್ನಾಗಿಯೂ ನಿಯೋಜಿಸಬೇಕೆಂದು ಹೊರಟವರ ಮನಸ್ಸಿನಲ್ಲಿ ಮೊದಲು ಬೇರೂರುವ ನಂಬಿಕೆ ಯಾವುದೆಂದರೆ, ಎರಡು ಹೊಣೆ ಹೊರುವ ಯಂತ್ರಕ್ಕೆ ಪ್ರೊಸೆಸರು ಮಹಾಬಲಶಾಲಿಯಾಗಿರಬೇಕೆಂಬುದು. ಇದು ನಿಜವಲ್ಲ. ಗಿಗಾಬಿಟ್ ಕೇಬಲ್ಲು ಸೆಕೆಂಡಿಗೆ ಸಾಗಿಸಬಲ್ಲದ್ದು ಲೆಕ್ಕದ ಪ್ರಕಾರ 125 ಮೆಗಾಬೈಟ್, ವ್ಯವಹಾರದಲ್ಲಿ 110ರ ಆಸುಪಾಸು. ಇಂಟೆಲ್ ಸಂಸ್ಥೆ 2023ರಲ್ಲಿ ಹೊರತಂದ, 6 ವ್ಯಾಟಿನ ಎನ್100 ಎಂಬ ಅಲ್ಪಬೆಲೆಯ ಪ್ರೊಸೆಸರು ಅಷ್ಟನ್ನು ಆಯಾಸವಿಲ್ಲದೆ ನಿರ್ವಹಿಸುತ್ತದೆ.

ಅಡಚಣೆ ಉಂಟಾಗುವುದು ಪೋರ್ಟುಗಳ ಹಾದಿಯಲ್ಲಿ. 2016ರ ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಕೇಬಲ್ಲಿನ ಪೋರ್ಟೂ ಡಿಸ್ಕನ್ನು ಸಿಕ್ಕಿಸುವ ಯುಎಸ್‌ಬಿ ಪೋರ್ಟುಗಳೂ ಒಳಗೆ ಒಂದೇ ಯುಎಸ್‌ಬಿ 2.0 ಮಾರ್ಗವನ್ನು ಹಂಚಿಕೊಂಡಿದ್ದುದರಿಂದ, ಡಿಸ್ಕಿನಿಂದ ಬರುವ ಕಡತವೂ ಜಾಲಕ್ಕೆ ಹೊರಡುವ ಕಡತವೂ ಕಿರಿದಾದ ಓಣಿಯಲ್ಲಿ ಎದುರುಬದುರಾದ ಎತ್ತಿನ ಗಾಡಿಗಳಂತೆ ಒಂದಕ್ಕೊಂದು ತಡೆಯಾಗುತ್ತಿದ್ದವು. 2019ರ ಪೈ 4ರಲ್ಲಿ ಆ ದೋಷ ನಿವಾರಣೆಯಾಯಿತು. ಪ್ರೊಸೆಸರಿನ ವಿಷಯದಲ್ಲಿ ಗಮನಿಸತಕ್ಕದ್ದು ಒಂದುಂಟು: ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಬಯಸುವವರು ಆ ಕೆಲಸವನ್ನು ಚುರುಕುಗೊಳಿಸುವ ಎಇಎಸ್ ಆಜ್ಞೆಗಳುಳ್ಳ ಪ್ರೊಸೆಸರನ್ನೇ ಆರಿಸಿಕೊಳ್ಳಬೇಕು, ಇಂಟೆಲ್‌ನದೇ 2013ರ ಜೆ1900 ಪ್ರೊಸೆಸರಿನಲ್ಲಿ ಅವು ಇಲ್ಲ.

ಇನ್ನು, ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಹಳೆಯ ಡೆಸ್ಕ್‌ಟಾಪಿದ್ದರೆ ಖರ್ಚೇ ಇಲ್ಲವೆಂದು ಬಗೆಯುವವರು ಬಹುಮಂದಿ. ಹಗಲಿರುಳೂ ಉರಿಯುವ ಯಂತ್ರದ ನಿಜವಾದ ಬೆಲೆಯನ್ನು ಕಾಣಬೇಕಾದದ್ದು ಕರೆಂಟ್ ಬಿಲ್ಲಿನಲ್ಲಿ. 60 ವ್ಯಾಟ್ ಎಳೆಯುವ ಯಂತ್ರ ವರ್ಷಕ್ಕೆ ಸುಮಾರು 525 ಯೂನಿಟ್ ನುಂಗುತ್ತದೆ. 10 ವ್ಯಾಟಿನದು 88 ಯೂನಿಟ್ಟನ್ನೂ ಮುಟ್ಟುವುದಿಲ್ಲ. ಯೂನಿಟ್ಟಿಗೆ 6 ರೂಪಾಯಿಯೆಂದು ಹಿಡಿದರೂ ವರ್ಷವೊಂದಕ್ಕೆ 2,600 ರೂಪಾಯಿಗೆ ಮೀರಿದ ಅಂತರವಾಯಿತು. ಪುಕ್ಕಟೆಯ ಡೆಸ್ಕ್‌ಟಾಪು ಕೆಲವೇ ವರ್ಷಗಳಲ್ಲಿ ಒಂದು ಹೊಸ ಯಂತ್ರದ ಹಣವನ್ನು ಸದ್ದಿಲ್ಲದೆ ತಿಂದು ಮುಗಿಸಿರುತ್ತದೆ. ಕರೆಂಟು ಹೋದಾಗ ಚಿಕ್ಕ ಯುಪಿಎಸ್ಸು ಯಾವುದನ್ನು ಹೆಚ್ಚು ಹೊತ್ತು ನಡೆಸೀತೆಂಬುದನ್ನು ಹೇಳಬೇಕಾಗಿಯೇ ಇಲ್ಲ.

ಬೆಂಗಳೂರಿನ ಎಸ್.ಪಿ. ರೋಡಿನಂಥ ಪೇಟೆಗಳಲ್ಲಿ ದೊರೆಯುವ, ಕಚೇರಿಗಳಿಂದ ಹೊರಬಿದ್ದ ಅಂಗೈಯಗಲದ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಗಳು ಮಧ್ಯಮಮಾರ್ಗವೆಂದು ನನ್ನ ಮತ. ಅವುಗಳಲ್ಲಿ ಸಾಮಾನ್ಯವಾಗಿ ಕೇಬಲ್ಲಿನ ಪೋರ್ಟು ಒಂದೇ ಇರುವುದರಿಂದ ರೂಟರಿನ ಕೆಲಸಕ್ಕೆ ಬಾರವೆಂಬುದು ಅರ್ಧಸತ್ಯ. ಒಂದೇ ಕೇಬಲ್ಲಿನಲ್ಲಿ ಹಲವು ಜಾಲಗಳನ್ನು ಬೇರ್ಪಡಿಸುವ ವಿಎಲ್ಯಾನ್ ವಿಧಾನವನ್ನು ಬಲ್ಲ ಸಣ್ಣ ಸ್ವಿಚ್ಚೊಂದಿದ್ದರೆ ಆ ಒಂದೇ ಪೋರ್ಟು ಒಳಗಿನ ಜಾಲವನ್ನೂ ಹೊರಗಿನ ಜಾಲವನ್ನೂ ಪ್ರತ್ಯೇಕವಾಗಿ ನಡೆಸಬಲ್ಲದು. ಡಿಸ್ಕಿನ ಸ್ಥಳಾಭಾವವೇ ನಿಜವಾದ ಕೊರತೆ. ಒಳಗೆ ಹಿಡಿಸುವುದು ಎರಡೂವರೆ ಅಂಗುಲದ್ದು. ಮೂರೂವರೆ ಅಂಗುಲದ ಡಿಸ್ಕಿಗೆ 12 ವೋಲ್ಟ್ ಬೇಕು, ಸಾಮಾನ್ಯ ಯುಎಸ್‌ಬಿ ಪೋರ್ಟು ಕೊಡುವುದು 5 ಮಾತ್ರ. ಆದಕಾರಣ ತನ್ನದೇ ಅಡಾಪ್ಟರುಳ್ಳ ಪೆಟ್ಟಿಗೆಯ ಬೆಲೆಯನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳತಕ್ಕದ್ದು.

ಎರಡು ಡಿಸ್ಕುಗಳಲ್ಲಿ ಒಂದೇ ಪ್ರತಿಯನ್ನು ಬರೆಯುವ ರೇಡ್ ವ್ಯವಸ್ಥೆಯಿದ್ದರೆ ಬ್ಯಾಕಪ್ ಇದ್ದಂತೆಯೇ ಎಂಬ ನಂಬಿಕೆ ಮಿಕ್ಕವುಗಳಿಗಿಂತ ಅಪಾಯಕರವಾದದ್ದು. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಕಾಪಾಡುವುದು ದಿಟ. ಆದರೆ ಮದುವೆಯ ಫೋಟೊಗಳನ್ನು ಯಾರಾದರೂ ಕೈತಪ್ಪಿ ಅಳಿಸಿದರೆ ಎರಡರಲ್ಲಿಯೂ ಅವು ತತ್‌ಕ್ಷಣವೇ ಅಳಿಯುತ್ತವೆ, ಸಿಡಿಲಿನ ಹೊಡೆತ ಬಿದ್ದರೆ ಎರಡೂ ಒಟ್ಟಿಗೇ ಹೋಗಬಹುದು. ಹಣ ಎರಡು ಡಿಸ್ಕಿಗಷ್ಟೇ ಸಾಲುವುದಾದರೆ, ಎರಡನೆಯದನ್ನು ವಾರಕ್ಕೊಮ್ಮೆ ಸಿಕ್ಕಿಸಿ, ಪ್ರತಿ ತೆಗೆದು, ಬಿಚ್ಚಿ ಬೀರುವಿನಲ್ಲಿಡುವುದೇ ಲೇಸು.

ಟೆರಾಬೈಟಿಗೊಂದು ಗಿಗಾಬೈಟ್ ರ‍್ಯಾಮ್ ಇರಲೇಬೇಕೆಂಬ ಝಡ್‌ಎಫ್‌ಎಸ್ ಕಡತವ್ಯವಸ್ಥೆಯ ಸೂತ್ರ ಮನೆಬಳಕೆಗೆ ಕಡ್ಡಾಯವಲ್ಲ; 8 ಗಿಗಾಬೈಟ್ ಯಥೇಷ್ಟ. ವೈಫೈಯನ್ನಂತೂ ಈ ಯಂತ್ರದ ಕೊರಳಿಗೆ ಕಟ್ಟದೆ, ಹಳೆಯ ರೂಟರನ್ನೇ ಆಕ್ಸೆಸ್ ಪಾಯಿಂಟಾಗಿ ಉಳಿಸಿಕೊಳ್ಳಬಹುದು.

ಒಳ್ಳೆಯ ಯಂತ್ರವನ್ನು ಕೊಂಡೊಡನೆಯೇ ಊರಿಂದೂರಿಗೆ ಹೋದರೂ ಮನೆಯ ಕಡತಗಳು ಕೈಗೆಟಕುತ್ತವೆಂದು ಎಣಿಸುವವರೂ ಉಂಟು. ಅನೇಕ ಇಂಟರ್ನೆಟ್ ಕಂಪನಿಗಳು ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚುವುದರಿಂದ, ಹೊರಗಿನಿಂದ ಬಂದ ಕರೆ ನಿಮ್ಮ ಬಾಗಿಲನ್ನು ನೇರವಾಗಿ ತಲಪುವುದೇ ಇಲ್ಲ. ಯಂತ್ರವೆಷ್ಟೇ ದುಬಾರಿಯಾದರೂ ಇದು ಬದಲಾಗದು. ಸ್ಥಿರ ಐಪಿ ಕೊಡುವರೇ, ಐಪಿವಿ6 ಉಂಟೇ ಎಂದು ಕಂಪನಿಯವರನ್ನು ಮೊದಲು ವಿಚಾರಿಸಿ, ಅನಂತರ ಪೇಟೆಗೆ ಹೊರಡಬಹುದು.